ಫಿರ್ಕಿ ಹಿಡಿದವಳ ಮುಖ

ಜನವರಿ 14, ಸಂಜೆ ನಾಲ್ಕೂವರೆ. ಅಹಮದಾಬಾದಿನ ಮಣಿನಗರದಲ್ಲಿ ಅಕ್ಕನ ಮನೆಯ ತಾರಸಿ. ಅಲ್ಲಿಯವರು ಅದಕ್ಕೆ ಅಗಾಶಿ ಅನ್ನುತ್ತಾರೆ, ಧಾಬು ಅಂತಲೂ ಅನ್ನುತ್ತಾರೆ. ನಮಗೆ ಸಂಕ್ರಾಂತಿ ಎಂದರೆ ಎಳ್ಳುಬೆಲ್ಲ, ಅವರಿಗೆ ಉತ್ತರಾಯಣ ಎಂದರೆ ಗಾಳಿಪಟ. ಊರಿಗೆ ಊರೇ ಮಹಡಿ ಹತ್ತಿ ನಿಂತಿತ್ತು. ಯಾರದೋ ಪಟ ಕಡಿದು ಬಿದ್ದರೆ ಸುತ್ತಲಿನ ತಾರಸಿಗಳಿಂದೆಲ್ಲ ಒಟ್ಟಿಗೇ 'ಕಾಯ್ ಪೋ ಛೇ' ಎಂಬ ಕೂಗು ಏಳುತ್ತಿತ್ತು. ಭಾವ ಪಟ ಹಾರಿಸುತ್ತಿದ್ದರು. ಅವರ ಹಿಂದೆ ದಾರದ ಉರುಳೆ, ಅಂದರೆ ಫಿರ್ಕಿ, ಹಿಡಿದುಕೊಂಡು ನಿಂತವಳು ಅಕ್ಕನ ಏಳು ವರ್ಷದ ಮಗಳು. ಕತ್ತು ಮೇಲೆತ್ತಿ, ಬಾಯಿ ಅರೆ ತೆರೆದು, ಆಕಾಶದಲ್ಲಿ ಸಾಸಿವೆ ಕಾಳಿನಷ್ಟಾಗಿದ್ದ ತಮ್ಮ ಪಟವನ್ನೇ ನೋಡುತ್ತಿದ್ದಳು. ಬೆನ್ನ ಹಿಂದಿನ ಸೂರ್ಯ ಅವಳ ಎರಡೂ ಕಿವಿಗಳನ್ನು ದಾಳಿಂಬೆ ಕಾಳಿನ ಬಣ್ಣಕ್ಕೆ ತಿರುಗಿಸಿದ್ದ. ಅವಳಿಗೆ ಗೊತ್ತಾಗದ ಹಾಗೆ ಒಂದು ಫೋಟೋ ತೆಗೆದೆ.

ಆಮೇಲೆ ಕ್ಯಾಮೆರಾದ ಪರದೆಯಲ್ಲಿ ತೋರಿಸಿದರೆ ಅವಳು ಕೇಳಿದ್ದು ಒಂದೇ ಮಾತು: "ಮಾಮಾ, ಇದರಲ್ಲಿ ನನ್ನ ಮುಖ ಎಲ್ಲಿ?"

ನ್ಯಾಯವಾದ ಪ್ರಶ್ನೆ. ಆಕಾಶ ಚೆನ್ನಾಗಿ ಬಂದಿತ್ತು. ಮುಖದ ಜಾಗದಲ್ಲಿ ಮಸಿ ಬಳಿದ ಹಾಗಿತ್ತು. ನನ್ನ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಂಡಿದ್ದ ಮುಖ ಎಲ್ಲಿ ಹೋಯಿತು? ಅದನ್ನು ವಾಪಸ್ ತರಬಹುದೇ? ತರುವಾಗ ಎಲ್ಲಿ ನಿಲ್ಲಿಸಬೇಕು? ಮಕ್ಕಳ ಸಹಜ ಚಿತ್ರಗಳನ್ನು ತಿದ್ದುವ ಬಗ್ಗೆ ನನಗಿರುವ ನಂಬಿಕೆ ಇಷ್ಟೇ: ಕಣ್ಣು ಕಂಡು ಕ್ಯಾಮೆರಾ ಕಳೆದುಕೊಂಡದ್ದನ್ನು ಮರಳಿಸುವ ತನಕ ಕೈಯಾಡಿಸಬಹುದು, ಅದರಾಚೆಗೆ ಬೇಡ. ಆದರೆ ಕಳೆದುಹೋದದ್ದು ಏನು ಅಂತ ತಿಳಿಯಬೇಕಾದರೆ ಬೆಳಕು, ಸೆನ್ಸರ್, ಚರ್ಮ ಮೂರರ ನಡವಳಿಕೆಯೂ ತಿಳಿದಿರಬೇಕು.

ಮೊದಲು ಸೆನ್ಸರ್. ಮಳೆಗಾಲದಲ್ಲಿ ಅಂಗಳದ ತುಂಬ ಸಾಲಾಗಿ ಲೋಟಗಳನ್ನು ಇಟ್ಟಿದ್ದೀರಿ ಅಂದುಕೊಳ್ಳಿ. ಯಾವ ಲೋಟಕ್ಕೆ ಎಷ್ಟು ನೀರು ಬಿತ್ತು ಎಂದು ಅಳೆದರೆ ಅಂಗಳದ ಯಾವ ಮೂಲೆಯಲ್ಲಿ ಎಷ್ಟು ಮಳೆ ಎಂಬ ನಕ್ಷೆ ಸಿಗುತ್ತದೆ. ಕ್ಯಾಮೆರಾದ ಸೆನ್ಸರ್ ಮಾಡುವುದೂ ಇದನ್ನೇ. ಅದರ ಮೇಲೆ ಕೋಟಿಗಟ್ಟಲೆ ಪುಟಾಣಿ ಲೋಟಗಳಿವೆ, ಸುರಿಯುವುದು ಬೆಳಕಿನ ಕಣಗಳಾದ ಫೋಟಾನುಗಳು. ಈ ವ್ಯವಸ್ಥೆಗೆ ಎರಡು ಕಡೆ ತೊಂದರೆ. ಲೋಟ ತುಂಬಿ ಹರಿದರೆ ಮತ್ತೆಷ್ಟು ಸುರಿಯಿತು ಎಂದು ತಿಳಿಯುವ ದಾರಿಯೇ ಇಲ್ಲ. ಚಿತ್ರದಲ್ಲಿ ಅದು ಬರಿಯ ಬಿಳಿ ಕಲೆ, ಯಾವ ಸಾಫ್ಟ್‌ವೇರೂ ಅದರೊಳಗಿಂದ ವಿವರ ತೆಗೆಯಲಾರದು. ಇನ್ನೊಂದು ಕಡೆ, ಹನಿಗಳು ತೀರಾ ಕಡಿಮೆ ಬಿದ್ದರೆ ಲೆಕ್ಕದಲ್ಲಿ ಅದೃಷ್ಟದ ಪಾಲು ಜಾಸ್ತಿಯಾಗುತ್ತದೆ. ಫೋಟಾನುಗಳು ಸಾಲುಗಟ್ಟಿ ಬರುವುದಿಲ್ಲ, ಹನಿಗಳ ಹಾಗೆ ಹೇಗೆಂದರೆ ಹಾಗೆ ಬೀಳುತ್ತವೆ. 10,000 ಫೋಟಾನ್ ಬೀಳುವ ಕಡೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 100, ನೂರಕ್ಕೆ ಒಂದು. ಬರಿಯ 100 ಬೀಳುವ ಕಡೆ ಏರುಪೇರು 10, ನೂರಕ್ಕೆ ಹತ್ತು. ಕತ್ತಲಾದ ಮುಖವನ್ನು ಆಮೇಲೆ ಬೆಳಗಿಸಿದಾಗ ಕೆನ್ನೆಯ ಮೇಲೆ ರವೆ ಚೆಲ್ಲಿದಂತೆ ಕಾಣುವ ಚುಕ್ಕಿಗಳು ಇವೇ.

ಇನ್ನೂ ಒಂದು ಲೆಕ್ಕ ಇದೆ. ಸೆನ್ಸರ್ ಅಳೆದದ್ದನ್ನು ಹಾಗೇ ಇಟ್ಟುಕೊಳ್ಳುವ 12 ಬಿಟ್ ರಾ ಫೈಲಿನಲ್ಲಿ ಬೆಳಕಿನ ಮೆಟ್ಟಿಲುಗಳು 4,096. ಅವುಗಳಲ್ಲಿ ಅರ್ಧ, 2,048 ಮೆಟ್ಟಿಲು, ಅತಿ ಬೆಳಕಿನ ಒಂದೇ ಸ್ಟಾಪಿಗೆ ಖರ್ಚಾಗುತ್ತವೆ. ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವ ಒಂದು ಹಂತ. ಕೆಳಗಿನ ಸ್ಟಾಪಿಗೆ 1,024, ಅದರ ಕೆಳಗಿನದಕ್ಕೆ 512. ಹೀಗೆ ಇಳಿಯುತ್ತ ಇಳಿಯುತ್ತ ನೆರಳಿನ ಪಾಲಿಗೆ ಬರುವುದು ಕೈಬೆರಳೆಣಿಕೆ. ಮೊಬೈಲ್ ಸಾಮಾನ್ಯವಾಗಿ ಕೊಡುವ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಒಟ್ಟು 256 ಮೆಟ್ಟಿಲು ಮಾತ್ರ. ಮಕ್ಕಳ ಚಿತ್ರ ತೆಗೆಯುವವರು ರಾ ಫೈಲ್ ಇಟ್ಟುಕೊಳ್ಳಿ ಎಂದು ನಾನು ಒತ್ತಾಯ ಮಾಡುವುದು ಇದಕ್ಕೆ. ಆ ಮಗು ಮತ್ತೆ ಹಾಗೆ ನಿಲ್ಲುವುದಿಲ್ಲ.

ನಮ್ಮ ಕಣ್ಣು ಈ ತೊಂದರೆಯನ್ನು ಜಾಣತನದಿಂದ ದಾಟುತ್ತದೆ. ಅದು ಒಂದೇ ಬಾರಿಗೆ ಇಡೀ ದೃಶ್ಯ ನೋಡುವುದಿಲ್ಲ. ಆಕಾಶಕ್ಕೆ ಹಾಯ್ದಾಗ ಒಂದು ಹದ, ಮುಖಕ್ಕೆ ಬಂದಾಗ ಇನ್ನೊಂದು ಹದ. ಎರಡನ್ನೂ ಹೊಲಿದು ಒಂದು ಮಾಡುವುದು ಮಿದುಳು. ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇರುವಾಗ ಬಯಲಿನ ನೆರಳು ಹೆಚ್ಚುಕಡಿಮೆ ಅದರ ಹತ್ತನೇ ಒಂದು ಪಾಲು. ಈ ಅಂತರ ನಮಗೆ ಅಂತರ ಅಂತಲೇ ಅನಿಸುವುದಿಲ್ಲ. ಕ್ಯಾಮೆರಾಕ್ಕೆ ಒಂದೇ ಏಟು. ಆಕಾಶವನ್ನು ಉಳಿಸಿಕೊಂಡಿತು, ಮಗುವಿನ ಮುಖವನ್ನು ಬಿಟ್ಟುಕೊಟ್ಟಿತು.

ಹಾಗಾದರೆ ನೆರಳಿನಲ್ಲಿದ್ದ ಆ ಮುಖಕ್ಕೆ ಬೆಳಕು ಎಲ್ಲಿಂದ ಬರುತ್ತಿತ್ತು? ಮುಕ್ಕಾಲು ಪಾಲು ಆಕಾಶದಿಂದ. ಆಕಾಶದ ಬೆಳಕು ಎಂದರೆ ಚದುರಿದ ಬೆಳಕು. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ಹೆಚ್ಚು ಚದುರಿಸುತ್ತವೆ. ಚದುರಿಕೆ ಅಲೆಯುದ್ದದ ನಾಲ್ಕನೇ ಘಾತಕ್ಕೆ ವಿಲೋಮವಾದ್ದರಿಂದ 450 ನ್ಯಾನೊಮೀಟರಿನ ನೀಲಿ, 650ರ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಈ ಮಾತಿಗೂ ಅಹಮದಾಬಾದಿಗೂ ಹಳೆಯ ನಂಟಿದೆ. 1921ರಲ್ಲಿ ಹಡಗಿನ ಪ್ರಯಾಣದಲ್ಲಿ ಕಡಲಿನ ನೀಲಿಯನ್ನು ಕಂಡು ಸಿ. ವಿ. ರಾಮನ್ ದ್ರವಗಳಲ್ಲಿ ಬೆಳಕು ಚದುರುವ ಬಗೆಯನ್ನು ಬೆನ್ನು ಹತ್ತಿದರು. ಆ ಕೆಲಸದಲ್ಲಿ ಅವರ ಜೊತೆಗಿದ್ದವರಲ್ಲಿ ಒಬ್ಬರು ಕೆ. ಆರ್. ರಾಮನಾಥನ್. ಮುಂದೆ ರಾಮನ್ ಬೆಂಗಳೂರಿಗೆ ಬಂದು 1948ರಲ್ಲಿ ತಮ್ಮ ಸಂಶೋಧನಾಲಯ ಕಟ್ಟಿದರು. ಅದೇ ವರ್ಷ ರಾಮನಾಥನ್ ಅಹಮದಾಬಾದಿಗೆ ಹೋದರು. ವಿಕ್ರಮ್ ಸಾರಾಭಾಯಿ 1947ರಲ್ಲಿ ಆರಂಭಿಸಿದ್ದ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ ಅವರೇ ಮೊದಲ ನಿರ್ದೇಶಕರು. ಆ ಊರಿನ ಆಕಾಶದ ಬೆಳಕನ್ನೂ ಓಜೋನನ್ನೂ ವರ್ಷಗಟ್ಟಲೆ ಅಳೆದವರ ಸಂಸ್ಥೆ ಅದು. ಪಟ ನೋಡುತ್ತ ನಿಂತ ಮಗುವಿನ ಹಣೆಯ ಮೇಲಿನ ನಸುನೀಲಿ ನೋಡಿದಾಗ ನನಗೆ ರಾಮನಾಥನ್ ಅವರ ನೆನಪಾಗುತ್ತದೆ.

ಸೂರ್ಯ ನಮಗೆ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆಕಾರ ಸಣ್ಣದಾದ್ದರಿಂದ ಅದು ಕೊಡುವ ನೆರಳಿನ ಅಂಚು ಹರಿತ. ಆಕಾಶವೋ ಇಡೀ ಕಮಾನು. ಮುಖದ ಮೇಲಿನ ಯಾವ ತಗ್ಗಿಗೂ ಅದು ಒಂದಲ್ಲ ಒಂದು ಕಡೆಯಿಂದ ಇಣುಕುತ್ತದೆ, ಹಾಗಾಗಿ ಬೆಳಕು ಮೃದು. ಸಾಧಾರಣವಾಗಿ ಮೇಲಿನ ಬೆಳಕಿನಲ್ಲಿ ಹುಬ್ಬಿನ ಕೆಳಗೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ಉತ್ತರಾಯಣದಂದು ಊರಿನ ಮಕ್ಕಳೆಲ್ಲ ಕತ್ತೆತ್ತಿಯೇ ಇರುತ್ತಾರಲ್ಲ, ಕಣ್ಣಿನ ಗುಳಿಗೂ ಆಕಾಶ ಇಳಿಯುತ್ತದೆ. ಕಣ್ಣಿನ ಕರಿಯ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಒಂದು ಪುಟ್ಟ ಉಬ್ಬುಗನ್ನಡಿ. ಬಿದ್ದ ಬೆಳಕಿನಲ್ಲಿ ಅದು ಹಿಂತಿರುಗಿಸುವುದು ನೂರಕ್ಕೆ ಎರಡೂವರೆ ಪಾಲು ಮಾತ್ರ, ಆದರೂ ಆಕಾಶದ ಮಟ್ಟಿಗೆ ಅಷ್ಟು ಸಾಕು. ಆ ಮಿನುಗು ಇದ್ದರೆ ಮುಖಕ್ಕೆ ಜೀವ. ಎಡಿಟಿಂಗಿನಲ್ಲಿ ಸುಳ್ಳು ಮಿನುಗು ಅಂಟಿಸುವುದು ಈಗ ಸುಲಭ. ಆದರೆ ನಿಜವಾದ ಮಿನುಗನ್ನು ದೊಡ್ಡದು ಮಾಡಿ ನೋಡಿದರೆ ಅದರೊಳಗೆ ತಾರಸಿಯ ಗೋಡೆ, ನೀರಿನ ಟ್ಯಾಂಕು, ಕೆಲವೊಮ್ಮೆ ಫೋಟೋ ತೆಗೆದವರೂ ಇರುತ್ತಾರೆ.

ಕೆಳಗಿನಿಂದಲೂ ಬೆಳಕು ಬರುತ್ತಿತ್ತು. ಗುಜರಾತಿನ ತಾರಸಿಗಳಿಗೆ ಒಡೆದ ಬಿಳಿ ಹೆಂಚಿನ ಚೂರುಗಳನ್ನು ಹಾಸುವ ರೂಢಿ ಇದೆ. ಚೈನಾ ಮೊಸಾಯಿಕ್ ಅನ್ನುತ್ತಾರೆ. ವಾಸ್ತುಶಿಲ್ಪಿ ಬಿ. ವಿ. ದೋಶಿ ಅಹಮದಾಬಾದಿನ ತಮ್ಮ ಕಚೇರಿ 'ಸಂಗಾತ್'ನ ಕಮಾನು ಚಾವಣಿಗಳಿಗೂ ಅದನ್ನೇ ಹಾಸಿದರು. ಬಿಸಿಲನ್ನು ವಾಪಸ್ ಕಳಿಸಿ ಮನೆ ತಂಪಾಗಿಡುವುದು ಅದರ ಕೆಲಸ. ಗಲ್ಲದ ಕೆಳಗಿನ, ಮೂಗಿನ ಕೆಳಗಿನ ಕತ್ತಲನ್ನು ತುಂಬಿ ಕೊಡುವುದು ಅದು ಪುಕ್ಕಟೆಯಾಗಿ ಮಾಡುವ ಇನ್ನೊಂದು ಕೆಲಸ. ಸ್ಟುಡಿಯೋದವರು ಬಿಳಿ ಥರ್ಮೋಕೋಲ್ ಹಲಗೆ ಹಿಡಿದು ಮಾಡುವುದು ಇದನ್ನೇ. ಇಷ್ಟೆಲ್ಲ ಇದ್ದದ್ದರಿಂದಲೇ ಆ ಫೋಟೋದ ಕತ್ತಲು ಮುಖದಲ್ಲಿ ವಿವರ ಸತ್ತಿರಲಿಲ್ಲ, ಅಡಗಿತ್ತು.

ರಾತ್ರಿ ಲ್ಯಾಪ್‌ಟಾಪಿನ ಮುಂದೆ ಕೂತು ನಾನು ಮಾಡಿದ್ದು ಇಷ್ಟು. ಆಕಾಶವನ್ನು ಮುಟ್ಟಲಿಲ್ಲ. ಮುಖ, ಕತ್ತು, ಕೈಗಳ ಭಾಗವನ್ನಷ್ಟೇ ಆರಿಸಿ ಒಂದು ಸ್ಟಾಪಿಗಿಂತ ತುಸು ಹೆಚ್ಚು ಎತ್ತಿದೆ. ಎರಡೂವರೆ ಸ್ಟಾಪ್ ಎತ್ತಿದರೂ ಫೈಲ್ ತಡೆಯುತ್ತಿತ್ತು. ಎತ್ತಲಿಲ್ಲ, ಯಾಕೆಂದರೆ ಅವಳು ನೆರಳಿನಲ್ಲಿದ್ದಳು. ಆಕಾಶಕ್ಕಿಂತ ಮುಖ ಕೊಂಚ ಮಬ್ಬಾಗಿಯೇ ನನ್ನ ಕಣ್ಣಿಗೂ ಕಂಡಿತ್ತು. ನೆರಳನ್ನು ಪೂರ್ತಿ ಅಳಿಸಿದರೆ ಮುಖ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಬೆಳಕು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಚಿತ್ರದಲ್ಲಿ ಉತ್ತರ ಇರುವುದಿಲ್ಲ, ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನಿಸುತ್ತದೆ.

ಆಮೇಲೆ ವೈಟ್ ಬ್ಯಾಲೆನ್ಸ್. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ: ಮೇಣದ ಬತ್ತಿ ಸುಮಾರು 1,900, ಮಧ್ಯಾಹ್ನದ ಬಿಸಿಲು ಸುಮಾರು 5,500, ನೀಲಿ ಆಕಾಶ ಮಾತ್ರ ಬೆಳಗುವ ನೆರಳು 7,000 ದಾಟುತ್ತದೆ. ನಮ್ಮ ಕಣ್ಣು ಈ ಬದಲಾವಣೆಯನ್ನು ತನ್ನಷ್ಟಕ್ಕೆ ಸರಿದೂಗಿಸಿಕೊಳ್ಳುತ್ತದೆ. ಬಿಳಿ ಅಂಗಿ ಬಿಸಿಲಲ್ಲೂ ಬಿಳಿ, ನೆರಳಲ್ಲೂ ಬಿಳಿ. ಆದರೆ ಪೂರ್ತಿ ಸರಿದೂಗಿಸುವುದಿಲ್ಲ, ನೆರಳಿನ ತಂಪು ಒಂದಿಷ್ಟು ಉಳಿಯುತ್ತದೆ. ಕ್ಯಾಮೆರಾ ತಾನಾಗಿ ಆರಿಸಿಕೊಂಡಿದ್ದು 5,200ರ ಆಸುಪಾಸು. ಅದನ್ನು 6,200ರ ಹತ್ತಿರಕ್ಕೆ ಒಯ್ದು ನಿಲ್ಲಿಸಿದೆ. ಚರ್ಮಕ್ಕೆ ರಕ್ತ ಬಂತು, ಹಣೆಯ ಮೇಲೆ ಆಕಾಶದ ನಸುನೀಲಿ ಹಾಗೇ ಉಳಿಯಿತು.

ಕಿವಿಗಳನ್ನು ಮುಟ್ಟಲಿಲ್ಲ. ಇದು ಯಾಕೆಂದು ಹೇಳಬೇಕು. ಚರ್ಮದ ಮೇಲೆ ಬಿದ್ದ ಬೆಳಕು ಅಲ್ಲಿಂದಲೇ ಪುಟಿಯುವುದಿಲ್ಲ, ಒಂದಿಷ್ಟು ಒಳಗೆ ಹೊಕ್ಕು, ಅಲೆದು, ಬೇರೆ ಜಾಗದಲ್ಲಿ ಹೊರಬರುತ್ತದೆ. ರಕ್ತದ ಹಿಮೊಗ್ಲೋಬಿನ್ ನೀಲಿ, ಹಸಿರುಗಳನ್ನು ನುಂಗುತ್ತದೆ, ಕೆಂಪನ್ನು ಬಿಟ್ಟುಕೊಡುತ್ತದೆ. ಮಗುವಿನ ತೆಳ್ಳನೆಯ ಕಿವಿಯ ಹಿಂದೆ ಸೂರ್ಯ ಬಂದರೆ ಕಿವಿ ದೀಪದಂತೆ ಉರಿಯುತ್ತದೆ. ಫೋಟೋ ತಿದ್ದುವವರು ಹಲವರು ಇದನ್ನು ಬಣ್ಣದ ದೋಷ ಎಂದು ತಿಳಿದು ಕೆಂಪನ್ನು ಇಳಿಸುತ್ತಾರೆ. ಅದು ಮಗುವಿನೊಳಗೆ ಹರಿಯುತ್ತಿರುವ ರಕ್ತ. ಯಾರದೋ ಕಿವಿ ಮೇಣದ ಹಾಗೆ ಕಾಣುವುದಕ್ಕಿಂತ ಕೆಂಪಾಗಿಯೇ ಇರಲಿ.

ಎರಡು ದಿನ ಬಿಟ್ಟು ಹಳೆ ಊರಿಗೆ ಹೋದೆವು. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ, ಭಾರತದ ಮೊದಲ ವಿಶ್ವ ಪರಂಪರೆಯ ನಗರ ಅದು. ಅಲ್ಲಿನ ಪೋಳ್‌ಗಳು ಎಂದರೆ ಒಂದೊಂದು ಹೆಬ್ಬಾಗಿಲಿನೊಳಗೆ ಹೆಣೆದುಕೊಂಡ ಇಕ್ಕಟ್ಟಿನ ಓಣಿಗಳು. ಎರಡೂ ಬದಿಗೆ ಮೂರು ಅಂತಸ್ತು, ನಡುವೆ ಮೇಲೆ ಒಂದು ಗೇಣು ಆಕಾಶ. ನಡುಹಗಲಲ್ಲೂ ಓಣಿಯ ತಳಕ್ಕೆ ಬಿಸಿಲು ಅಪರೂಪ. ಮನೆಯ ಮುಂದೆ ಒಟಲೊ, ನಮ್ಮ ಜಗಲಿಯೇ ಅದು. ಮಕ್ಕಳು ಅಲ್ಲಿ ಕೂತು ಆಡುತ್ತಿರುತ್ತಾರೆ. ಬಿಸಿಲು ಬಿದ್ದ ಎದುರು ಮನೆಯ ಮೇಲಂತಸ್ತಿನ ಗೋಡೆ ಅವರಿಗೆ ದೀಪ. ಗೋಡೆ ಕಾವಿಯಾದರೆ ಕೆನ್ನೆಯೂ ಕಾವಿ, ಗೋಡೆ ಹಸಿರಾದರೆ ಕೆನ್ನೆಯೂ ಒಂದಿಷ್ಟು ಹಸಿರು. ಒಂದೇ ಮುಖದ ಎಡಕ್ಕೆ ಆಕಾಶದ ನೀಲಿ, ಬಲಕ್ಕೆ ಗೋಡೆಯ ಹಳದಿ ಬಂದಾಗ ಒಂದೇ ಕೆಲ್ವಿನ್ ಸಂಖ್ಯೆ ಎರಡನ್ನೂ ಸರಿ ಮಾಡದು. ನಾನು ಆಗ ಗೋಡೆಯ ಪರ ನಿಲ್ಲುತ್ತೇನೆ. ಆ ಬಣ್ಣ ಆ ಓಣಿಯದು, ಮಗು ಬೆಳೆಯುತ್ತಿರುವುದು ಆ ಬೆಳಕಿನಲ್ಲೇ.

ಅಲ್ಲೊಂದು ಮನೆಯ ಪಡಸಾಲೆಯಲ್ಲಿ ಹಿಂಚ್ಕೊ ಇತ್ತು. ಹಿತ್ತಾಳೆ ಸರಪಳಿಯ ತೂಗುಮಣೆ, ಗುಜರಾತಿ ಮನೆಗೆ ಅದು ಇರಲೇಬೇಕು. ಬಾಗಿಲ ಬೆಳಕು ಮಾತ್ರ ಇದ್ದ ಆ ಕೋಣೆಯಲ್ಲಿ ತೂಗುತ್ತಿದ್ದ ಮಗುವಿನ ಚಿತ್ರ ಹೇಗೆ ತೆಗೆಯುವುದು? ಸರಪಳಿ ಎರಡು ಮೀಟರ್ ಇದ್ದು 30 ಡಿಗ್ರಿ ತೂಗಿದರೆ, ತೀರ ಕೆಳಗೆ ಬಂದಾಗ ವೇಗ ಸೆಕೆಂಡಿಗೆ 2.3 ಮೀಟರ್. ಸೆಕೆಂಡಿನ 125ನೇ ಒಂದು ಪಾಲು ಶಟರ್ ತೆರೆದಿಟ್ಟರೆ ಅಷ್ಟರಲ್ಲಿ ಮುಖ 18 ಮಿಲಿಮೀಟರ್ ಸರಿದಿರುತ್ತದೆ. ಕಣ್ಣಿನ ಕರಿಭಾಗದ ಅಗಲವೇ ಸುಮಾರು 11–12 ಮಿಲಿಮೀಟರ್. ಅಂದರೆ ಕಣ್ಣು ಕಣ್ಣಾಗಿ ಉಳಿಯುವುದಿಲ್ಲ. ಈ ಕಲಸಿಕೆಯನ್ನು ಯಾವ ಎಡಿಟಿಂಗೂ ಪ್ರಾಮಾಣಿಕವಾಗಿ ಬಿಡಿಸಲಾರದು. ಆದರೆ ತೂಗುಮಣೆಗೆ ಒಂದು ಸೌಜನ್ಯವಿದೆ. ಹೋದ ಕಡೆಯಲ್ಲೆಲ್ಲ, ತಿರುಗುವ ಮೊದಲು, ಅದು ಒಂದು ಕ್ಷಣ ನಿಲ್ಲುತ್ತದೆ. ಈ ಅಳತೆಯ ಹಿಂಚ್ಕೊ ಒಂದು ಸುತ್ತಿಗೆ ಸುಮಾರು 2.8 ಸೆಕೆಂಡ್ ತೆಗೆದುಕೊಳ್ಳುವುದರಿಂದ 1.4 ಸೆಕೆಂಡಿಗೊಮ್ಮೆ ಆ ನಿಲುಗಡೆ. ಎರಡು ಸಲ ಎಣಿಸಿ ಮೂರನೆಯದಕ್ಕೆ ಕ್ಲಿಕ್ ಮಾಡಿದರೆ ಮಂದ ಬೆಳಕಿನಲ್ಲೂ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟ ಚಿತ್ರ. ಮುಖದ ಮೇಲೆ ಅತಿ ಹೆಚ್ಚು ಖುಷಿ ಕಾಣುವುದೂ ಆ ತುದಿಯಲ್ಲೇ, ಹೊಟ್ಟೆಯೊಳಗೆ ಕಚಗುಳಿಯಾಗುವ ಗಳಿಗೆ.

ವಡೋದರಾಕ್ಕೆ ಹೋದದ್ದು ಏಪ್ರಿಲಿನಲ್ಲಿ. ಊರಿನ ಹೆಸರಿನಲ್ಲೇ ವಟ, ಅಂದರೆ ಆಲದ ಮರ ಇದೆ. ಸಯಾಜಿ ಬಾಗ್‌ನ ಮರಗಳ ಕೆಳಗೆ ಮಕ್ಕಳು ಓಡಾಡುತ್ತಿದ್ದರು. ಮರದ ನೆರಳು ಎಂದು ಹಿಗ್ಗಿದೆ, ಚಿತ್ರಗಳು ಹಾಳಾದವು. ಎಲೆಗಳ ಸಂದು ಒಂದೊಂದೂ ಒಂದೊಂದು ಸೂಜಿರಂಧ್ರ ಕ್ಯಾಮೆರಾ. ನೆಲದ ಮೇಲೆ ಬಿದ್ದ ಬಿಸಿಲ ಬಿಲ್ಲೆಗಳು ಸೂರ್ಯನ ಬಿಂಬಗಳೇ, ಅದಕ್ಕೇ ಅವು ದುಂಡಗಿರುವುದು. ಬಿಲ್ಲೆಯ ಅಗಲ ಎಲೆಯಿಂದ ಇರುವ ದೂರದ ಸುಮಾರು 107ನೇ ಒಂದು ಪಾಲು. ಐದು ಮೀಟರ್ ಮೇಲಿನ ಸಂದಿನಿಂದ ಬಂದದ್ದು ನಾಲ್ಕೂವರೆ ಸೆಂಟಿಮೀಟರಿಗೂ ತುಸು ದೊಡ್ಡದು, ಪುಟ್ಟ ಕೆನ್ನೆಯನ್ನು ಪೂರ್ತಿ ನುಂಗುವಷ್ಟು. ಆ ಬಿಲ್ಲೆಯೊಳಗೆ ಲೋಟ ತುಂಬಿ ಹರಿದಿರುತ್ತದೆ, ಹೊರಗೆ ಎಲೆ ಸೋಸಿಕೊಟ್ಟ ಹಸಿರು ನೆರಳು. ಇದನ್ನು ಮೇಜಿನ ಮುಂದೆ ಕೂತು ಸರಿಮಾಡುವ ಬದಲು ಮಗು ಮರದ ಅಂಚಿಗೆ, ಮುಖ ಬಯಲಿಗೆ ಮಾಡಿ ಬರುವ ತನಕ ಕಾಯುವುದೇ ಮೇಲು. ಮಕ್ಕಳು ಹೇಗೂ ಒಂದೇ ಕಡೆ ಇರುವುದಿಲ್ಲ.

ಕಾಯುವುದನ್ನು ಬಲ್ಲವರು ಆ ಊರಿನಲ್ಲಿ ಇದ್ದರು. ಸೂರತ್ತಿಗೆ ಹತ್ತಿರದ ನವಸಾರಿಯಲ್ಲಿ 1913ರಲ್ಲಿ ಹುಟ್ಟಿದ ಹೋಮಾಯ್ ವ್ಯಾರಾವಾಲಾ, ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ, ಕೊನೆಯ ವರ್ಷಗಳನ್ನು ಕಳೆದದ್ದು ವಡೋದರಾದಲ್ಲಿ. 2011ರಲ್ಲಿ ಪದ್ಮವಿಭೂಷಣ ಬಂತು, 2012ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಅವರು ಬಳಸಿದ ಕ್ಯಾಮೆರಾಗಳಲ್ಲಿ ರೋಲಿಫ್ಲೆಕ್ಸ್ ಒಂದು. ಅದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ದೊಡ್ಡವರ ಹೊಟ್ಟೆಯ ಮಟ್ಟವೆಂದರೆ ಐದಾರು ವರ್ಷದ ಮಗುವಿನ ಕಣ್ಣಿನ ಮಟ್ಟ. ಮುಖದ ಮುಂದೆ ಯಂತ್ರ ಅಡ್ಡ ಬರುವುದಿಲ್ಲವಾದ್ದರಿಂದ ತನ್ನನ್ನು ಯಾರೋ ಗುರಿಯಿಟ್ಟಿದ್ದಾರೆ ಎಂದು ಮಗುವಿಗೆ ಅನಿಸುವುದೂ ಇಲ್ಲ. ಇವತ್ತು ಮೊಬೈಲನ್ನು ತಲೆಕೆಳಗು ಮಾಡಿ ಸೊಂಟದ ಹತ್ತಿರ ಹಿಡಿದರೆ ಅದೇ ಅನುಕೂಲ ಸಿಗುತ್ತದೆ, ನಾನು ಹಾಗೆಯೇ ಮಾಡುತ್ತೇನೆ. ಅದೇ ಊರಿನ ಎಂ. ಎಸ್. ವಿಶ್ವವಿದ್ಯಾಲಯದ ಚಿತ್ರಕಲಾವಿದ ಜ್ಯೋತಿ ಭಟ್ 1960ರ ದಶಕದ ಕೊನೆಯಿಂದ ಗುಜರಾತಿನ ಹಳ್ಳಿಗಳಲ್ಲಿ ಗೋಡೆ ಚಿತ್ತಾರಗಳನ್ನು, ರಂಗೋಲಿಗಳನ್ನು ದಾಖಲಿಸಿದರು. ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಗೋಡೆಯ ಜೊತೆ ಅಲ್ಲಿ ಬಾಳುವ ಮಂದಿಯೂ ಇರುತ್ತಾರೆ. ಗೋಡೆಯ ಕಪ್ಪು, ಮುಖದ ಕಪ್ಪು ಎರಡಕ್ಕೂ ಅಲ್ಲಿ ಅದರದರ ತೂಕ ಇದೆ.

ಸೂರತ್ತಿನಲ್ಲಿ ಬೆಳಕು ವ್ಯಾಪಾರದ ವಿಷಯ. ಮಹಿಧರಪುರದ ಹೀರಾ ಬಜಾರಿನಲ್ಲಿ ವ್ಯಾಪಾರಿಗಳು ಬೀದಿಯಲ್ಲೇ ಕಾಗದದ ಪೊಟ್ಟಣ ಬಿಚ್ಚಿ ವಜ್ರ ನೋಡುತ್ತಾರೆ. ವಜ್ರದ ಬಣ್ಣ ಪರೀಕ್ಷಿಸಲು ಉತ್ತರ ದಿಕ್ಕಿನ ಹಗಲು ಬೆಳಕು ಬೇಕು ಎಂಬುದು ಆ ಕಸುಬಿನ ಹಳೆಯ ನಿಯಮ; ಸೂರ್ಯ ನೇರ ಬೀಳದ ಕಾರಣ ಆ ಬೆಳಕು ದಿನವಿಡೀ ಹೆಚ್ಚು ಬದಲಾಗುವುದಿಲ್ಲ. ಮಗುವಿನ ಮುಖಕ್ಕೂ ಇದೇ ಕಿಟಕಿ ಸರಿ. ಆದರೆ ಸೂರತ್ ಕರ್ಕಾಟಕ ವೃತ್ತಕ್ಕಿಂತ ದಕ್ಷಿಣಕ್ಕಿದೆ, ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ನಡುಹಗಲಿನ ಸೂರ್ಯ ಅಲ್ಲಿ ಉತ್ತರಕ್ಕೇ ವಾಲಿರುತ್ತಾನೆ. ಆ ದಿನಗಳಲ್ಲಿ ನಿಯಮ ತುಸು ತಿರುವುಮುರುವು. ಕಿಟಕಿಯಿಂದ ಎಷ್ಟು ದೂರ ಎಂಬುದೂ ಮುಖ್ಯ. ನಾಲ್ಕು ಅಡಿ ಉದ್ದಗಲದ ಕಿಟಕಿಯ ಮುಂದೆ ಒಂದು ಮೀಟರಿನಲ್ಲಿದ್ದ ಮಗು ಎರಡು ಮೀಟರಿಗೆ ಸರಿದರೆ ಬೆಳಕು ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಮೃದುತನವೂ ಕಡಿಮೆಯಾಗುತ್ತದೆ.

ಅಲ್ಲಿಂದ ಡುಮಸ್ ಕಡಲತೀರಕ್ಕೆ ಹೋದರೆ ಪಾಠ ಉಲ್ಟಾ. ಡುಮಸ್‌ನ ಮರಳು ಕಪ್ಪು. ಮಣಿನಗರದ ಬಿಳಿ ತಾರಸಿ ಗಲ್ಲದ ಕೆಳಗೆ ಕೊಟ್ಟಿದ್ದ ಬೆಳಕನ್ನು ಈ ಮರಳು ನುಂಗಿಬಿಡುತ್ತದೆ. ಅದೇ ಸಂಜೆಬಿಸಿಲು, ಅದೇ ಮಗು, ಕಣ್ಣಿನ ಗುಳಿ ಕಪ್ಪು. ಮರಳಿನಲ್ಲಿ ಕೂತು ಗೂಡು ಕಟ್ಟುತ್ತಿದ್ದವಳ ಪಕ್ಕಕ್ಕೆ ಅಕ್ಕ ಬಿಳಿ ಟವೆಲ್ ಹಾಸಿ ಕೂತರು, ತಿಂಡಿ ಡಬ್ಬಿ ಬಿಚ್ಚಲು. ಮುಖ ಅರಳಿತು. ಅಕ್ಕನಿಗೆ ತಾನು ಏನು ಮಾಡಿದೆ ಅಂತ ಗೊತ್ತೇ ಇರಲಿಲ್ಲ.

ಈಗ ನನಗೆ ಹೆಚ್ಚು ಮುಖ್ಯವೆನಿಸುವ ವಿಷಯ, ಚರ್ಮ. ಉತ್ತರಾಯಣದ ಫೋಟೋ ಪ್ರಿಂಟ್ ಹಾಕಿಸಲು ಒಂದು ಲ್ಯಾಬಿಗೆ ಕೊಟ್ಟಿದ್ದೆ. ಬಂದ ಪ್ರಿಂಟಿನಲ್ಲಿ ಮಗು ಎರಡು ಪಟ್ಟು ಬೆಳ್ಳಗಾಗಿತ್ತು, ಕೆನ್ನೆ ಪ್ಲಾಸ್ಟಿಕ್ ಬೊಂಬೆಯಂತೆ ನಯ. ಕೇಳಿದ್ದಕ್ಕೆ, "ಎಲ್ಲರಿಗೂ ಹೀಗೇ ಬೇಕು ಸಾರ್, ನಾವಾಗೇ ಟಚಪ್ ಮಾಡ್ತೀವಿ" ಎಂದರು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ನನಗೆ ಮಾತ್ರ ಸಂಕಟವಾಯಿತು. ತನ್ನ ಬಣ್ಣ ತಿದ್ದಬೇಕಾದ ತಪ್ಪು ಎಂದು ಏಳು ವರ್ಷದ ಹುಡುಗಿಗೆ ಮೊದಲು ಹೇಳಿಕೊಟ್ಟದ್ದು ಗೋಡೆಯ ಮೇಲಿನ ಅವಳದೇ ಫೋಟೋ ಆಗಬಾರದು.

ಈ ಪಕ್ಷಪಾತಕ್ಕೆ ಇತಿಹಾಸವಿದೆ. 1950ರ ದಶಕದಿಂದ ಕೊಡಕ್ ಕಂಪನಿ ಪ್ರಿಂಟ್ ಲ್ಯಾಬುಗಳಿಗೆ ಕಳಿಸುತ್ತಿದ್ದ ಹೋಲಿಕೆಯ ಕಾರ್ಡುಗಳಲ್ಲಿ ಇದ್ದದ್ದು ಒಬ್ಬ ಬಿಳಿ ಹೆಂಗಸಿನ ಮುಖ. 'ಶರ್ಲಿ ಕಾರ್ಡ್' ಎಂದೇ ಅವುಗಳ ಹೆಸರು. ಆ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ ಇದೆ ಎಂದು ಲೆಕ್ಕ. ಕಂದು ಚರ್ಮದ ವಿವರಗಳು ಕತ್ತಲಲ್ಲಿ ಮುಳುಗಿದರೆ ಅದು ಚರ್ಮದ ತಪ್ಪು ಎನ್ನುವಂತಿತ್ತು. ಕಂದು ಚರ್ಮದಲ್ಲಿ ಮೆಲನಿನ್ ಹೆಚ್ಚು, ಅದು ನೀಲಿಯನ್ನು ಹೆಚ್ಚು ಹೀರುತ್ತದೆ. ಒಳಗಿನಿಂದ ಚದುರಿ ಬರುವ ಬೆಳಕು ಕಡಿಮೆಯಾಗುವುದರಿಂದ ಮೇಲ್ಮೈಯ ಹೊಳಪು, ಹಣೆಯ ಮೇಲಿನ, ಮೂಗಿನ ತುದಿಯ ಮಿನುಗು, ಎದ್ದು ಕಾಣುತ್ತದೆ. ಮುಖದ ಉಬ್ಬುತಗ್ಗು ಹೇಳುವುದೇ ಆ ಹೊಳಪು. ಅದನ್ನು ಎಣ್ಣೆಜಿಡ್ಡು ಎಂದು ಒರೆಸಿ, ಇಡೀ ಮುಖವನ್ನು ಎತ್ತಿದರೆ ಮೂಗು ಚಪ್ಪಟೆ, ಕೆನ್ನೆ ಚಪ್ಪಟೆ.

ನಯಗೊಳಿಸುವ ಫಿಲ್ಟರ್ ಮಾಡುವ ಅನಾಹುತ ಇನ್ನೊಂದು. ಚಿತ್ರದಲ್ಲಿ ಸ್ಥೂಲ ವಿವರ, ಸೂಕ್ಷ್ಮ ವಿವರ ಎರಡಿರುತ್ತವೆ. ಫಿಲ್ಟರ್ ಸೂಕ್ಷ್ಮವನ್ನು ಸವರಿಹಾಕುತ್ತದೆ. ಮಗುವಿನ ಚರ್ಮದಲ್ಲಿ ಸುಕ್ಕಿಲ್ಲ, ಸವರಲು ಅಲ್ಲೇನಿದೆ? ಕೆನ್ನೆಯ ನವಿರು ರೋಮ, ಆಟದಲ್ಲಿ ಬಿದ್ದ ಗೀರು, ನಕ್ಕಾಗ ಕಣ್ಣಿನ ಕೆಳಗೆ ಮೂಡುವ ಗೆರೆ. ಆ ಗೆರೆಯನ್ನು 1862ರಲ್ಲೇ ಫ್ರೆಂಚ್ ವೈದ್ಯ ಡುಷೆನ್ ಗುರುತಿಸಿದ್ದರು. ಬಾಯಿಯ ಸ್ನಾಯುವನ್ನು ಬೇಕೆಂದಾಗ ಎಳೆಯಬಹುದು, ಕಣ್ಣಿನ ಸುತ್ತಲಿನ ಸ್ನಾಯು ಮನಸಾರೆ ನಕ್ಕಾಗ ತಾನಾಗಿ ಮುದುಡುತ್ತದೆ ಎಂದು ಅವರು ಬರೆದರು. ಹಲ್ಲು ಕಿರಿದು ನಿಲ್ಲು ಎಂದು ಹೇಳಿ ತೆಗೆದ ಚಿತ್ರಕ್ಕೂ ಗೊತ್ತಾಗದ ಹಾಗೆ ತೆಗೆದ ಚಿತ್ರಕ್ಕೂ ವ್ಯತ್ಯಾಸ ಕಾಣುವುದು ಬಹುಪಾಲು ಅಲ್ಲೇ. ಅರ್ಧ ದಿನ ಕಾದು ಹಿಡಿದ ನಗುವಿನ ಸಾಕ್ಷಿಯನ್ನು ಫಿಲ್ಟರ್ ಅರೆ ಸೆಕೆಂಡಿನಲ್ಲಿ ಅಳಿಸುತ್ತದೆ.

ಕಣ್ಣಿನ ಬಿಳಿಯನ್ನೂ ಬಿಳಿ ಮಾಡಬೇಡಿ. ಕೂಸುಗಳ ಕಣ್ಣಿನ ಬಿಳಿಭಾಗ ತೆಳುವಾದ್ದರಿಂದ ಒಳಪದರದ ಬಣ್ಣ ಹಾಯ್ದು ನಸುನೀಲಿಯಾಗಿ ಕಾಣುತ್ತದೆ, ಅದು ಅವರ ವಯಸ್ಸಿನ ಗುರುತು. ಹಲ್ಲಿನದೂ ಹಾಗೆಯೇ. ಹಾಲುಹಲ್ಲು ಬೆಳ್ಳಗೆ, ಆರೇಳು ವರ್ಷಕ್ಕೆ ಬರುವ ಹೊಸ ಹಲ್ಲು ತುಸು ಹಳದಿ. ಅದರ ಎನಾಮಲ್ ಹೆಚ್ಚು ಪಾರದರ್ಶಕ, ಕೆಳಗಿನ ಡೆಂಟಿನ್ನಿನ ಬಣ್ಣ ಹೊರಗೆ ಕಾಣುತ್ತದೆ. ಆಗತಾನೇ ಒಸಡು ಸೀಳಿ ಬಂದ ಬಾಚಿಹಲ್ಲಿನ ಅಂಚಿನಲ್ಲಿ ಮೂರು ಪುಟ್ಟ ಗುಬುಟುಗಳಿರುತ್ತವೆ, ಗರಗಸದ ಹಾಗೆ. ತಿಂದು ತಿಂದು ಅವು ಸವೆದುಹೋಗುತ್ತವೆ. ಆ ಗರಗಸ ಇರುವ ಕಾಲ ಚಿಕ್ಕದು. ಅದನ್ನು ನೇರ ಮಾಡಿ ಕೊಡುವ ಸಾಫ್ಟ್‌ವೇರನ್ನು ನಾನು ಮುಟ್ಟುವುದಿಲ್ಲ.

ತಿದ್ದುವುದು ಹೊಸ ಪಾಪವೇನಲ್ಲ. ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳನ್ನು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತು. ಆ ಫಿಲಂ ಕಾಲದ ಡಾರ್ಕ್‌ರೂಮಿನಲ್ಲೂ ತಿದ್ದುವಿಕೆ ಇತ್ತು. ಕಾಗದದ ಮೇಲೆ ಬೆಳಕು ಬೀಳುವಾಗ ಮುಖದ ಭಾಗಕ್ಕೆ ಅಂಗೈಯನ್ನೋ ರಟ್ಟಿನ ತುಂಡನ್ನೋ ಕೆಲವು ಸೆಕೆಂಡ್ ಅಡ್ಡ ಹಿಡಿದರೆ ಅಲ್ಲಿ ಕಪ್ಪು ಕಡಿಮೆಯಾಗಿ ಮುಖ ಬೆಳಗುತ್ತದೆ. ನಾನು ಲ್ಯಾಪ್‌ಟಾಪಿನಲ್ಲಿ ಮಾಡಿದ್ದು ಅದನ್ನೇ. ಡಾರ್ಕ್‌ರೂಮಿನ ಕೈಗೆ ಇದ್ದ ಅನುಕೂಲವೆಂದರೆ ಅಷ್ಟಕ್ಕಿಂತ ಹೆಚ್ಚು ಮಾಡುವುದು ಕಷ್ಟವಾಗಿತ್ತು. ಈಗ ಪರದೆಯ ಮೇಲಿನ ಪಟ್ಟಿಯನ್ನು ಬೆರಳಿನಿಂದ ತಳ್ಳಿದರೆ ಸಾಕು, ತಳ್ಳುತ್ತಲೇ ಇರಬಹುದು. ಕಣ್ಣು ಪ್ರತಿ ಹೆಜ್ಜೆಗೂ ಹೊಂದಿಕೊಂಡುಬಿಡುವುದರಿಂದ ಎಷ್ಟು ದೂರ ಬಂದೆವು ಎಂದೇ ತಿಳಿಯದು. ಆದ್ದರಿಂದ ರಾತ್ರಿ ತಿದ್ದಿದ್ದನ್ನು ಬೆಳಗ್ಗೆ ಹಗಲು ಬೆಳಕಿನಲ್ಲಿ ಮತ್ತೆ ನೋಡುತ್ತೇನೆ. ಹತ್ತರಲ್ಲಿ ಎಂಟು ಸಲ ಮಾಡಿದ್ದನ್ನು ಅರ್ಧಕ್ಕೆ ಇಳಿಸುತ್ತೇನೆ.

ಬೇರೆ ಲ್ಯಾಬಿನಲ್ಲಿ, ಏನನ್ನೂ ಮುಟ್ಟಬೇಡಿ ಎಂದು ಚೀಟಿ ಬರೆದು ಕೊಟ್ಟು, ಫೋಟೋ ಮತ್ತೆ ಪ್ರಿಂಟ್ ಹಾಕಿಸಿದೆ. ಎಂಟು ಇಂಚಿಗೆ ಹತ್ತು ಇಂಚು, ಮ್ಯಾಟ್ ಕಾಗದ. ಅಹಮದಾಬಾದಿಗೆ ಕೊರಿಯರ್ ಮಾಡಿ, ತಲುಪಿದ ದಿನ ವಿಡಿಯೋ ಕರೆ ಮಾಡಿದೆ. ಅಕ್ಕ ಪ್ರಿಂಟನ್ನು ಬಾಲ್ಕನಿಯ ಬೆಳಕಿಗೆ ಹಿಡಿದರು. ಮಗಳು ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು. ಮೊದಲು ಕಂಡದ್ದು ಬೆರಳ ತುದಿಗೆ ಹತ್ತಿದ್ದ ಮಾಂಜಾದ, ಅಂದರೆ ಪಟದ ದಾರದ, ಗುಲಾಬಿ ಬಣ್ಣ. ಆಮೇಲೆ ಕಿವಿ. "ನನ್ನ ಕಿವಿ ಇಷ್ಟು ಕೆಂಪಾ?" ಎಂದು ಎರಡೂ ಕಿವಿ ಮುಟ್ಟಿಕೊಂಡಳು. ಆಮೇಲೆ ಅರೆತೆರೆದ ಬಾಯಿಯೊಳಗಿನ ಹಲ್ಲಿನ ಮೇಲೆ ಉಗುರಿಟ್ಟು, ಅದರ ಗುಬುಟುಗಳನ್ನು ಎಣಿಸಿದಳು: ಒಂದು, ಎರಡು, ಮೂರು. ನಾಲಿಗೆಯಿಂದ ತನ್ನ ಹಲ್ಲನ್ನೂ ಮುಟ್ಟಿ ನೋಡಿಕೊಂಡು, "ಮಾಮಾ, ಇನ್ನೂ ಇವೆ" ಅಂದಳು.